ಗುರುತು ಹಾಕದ ಉಂಡೆಗಳು

ದಿಂಡುಗಲ್

ದಿಂಡುಗಲ್ಲಿನಲ್ಲಿ ನಾನು ಮೊದಲು ಕೊಂಡದ್ದು ಒಂದು ಬೀಗ. ಬೇಕಾಗಿ ಕೊಂಡದ್ದಲ್ಲ. ರೈಲಿಳಿದು, ನನ್ನನ್ನು ಕರೆದೊಯ್ಯಬೇಕಿದ್ದ ಪ್ರೊಫೆಸರ್ ಪಾಂಡಿಯನ್ ಬರುವವರೆಗೆ ಬೀದಿ ನೋಡೋಣವೆಂದು ಹೊರಟೆ. ಬೀಗಕ್ಕೆ ಹೆಸರಾದ ಊರು. ಒಂದು ಅಂಗಡಿಯ ಮುಂದೆ ಬಾಳೆಗೊನೆ ತೂಗುಹಾಕಿದ ಹಾಗೆ ಬೀಗಗಳನ್ನು ತಂತಿಗೆ ಪೋಣಿಸಿ ತೂಗುಹಾಕಿದ್ದರು. ನಮ್ಮ ತುಮಕೂರಿನಲ್ಲಿ ಬೀಗವನ್ನು ಮೊಳೆ, ಚಿಲಕ, ಸುಣ್ಣದ ಬ್ರಷ್ಷುಗಳ ನಡುವೆ ಹುಡುಕಬೇಕು. ಇಲ್ಲಿ ಬೀಗವೊಂದೇ, ಬೇರೆ ಏನೂ ಇಲ್ಲ.

ಯಾವುದು ಹೆಚ್ಚು ಮಾರಾಟವಾಗುತ್ತದೆ ಎಂದು ಅಂಗಡಿಯವನನ್ನು ಕೇಳಿದೆ. ಕೋಟೆಬಾಗಿಲಿಗೆ ಹಾಕುವಂಥದ್ದನ್ನು ತೋರಿಸುತ್ತಾನೆಂದುಕೊಂಡರೆ, ಹೆಬ್ಬೆರಳಿನಷ್ಟು ಪುಟ್ಟದೊಂದನ್ನು ಅಂಗೈ ಮೇಲಿಟ್ಟ.

"ಬೀದಿ ಬಾಗಿಲಿಗೆ ಒಂದು ಸಲ ಕೊಂಡವರು ಮತ್ತೆ ಈ ಕಡೆ ತಲೆ ಹಾಕಲ್ಲ ಅಮ್ಮಾ. ಇದು ಬೀರುವಿಗೆ, ಪೆಟ್ಟಿಗೆಗೆ, ಉಗ್ರಾಣಕ್ಕೆ. ಮದುವೆ ತಿಂಗಳಲ್ಲಿ ಚೆನ್ನಾಗಿ ಹೋಗುತ್ತೆ."

"ಮದುವೆಗೂ ಬೀಗಕ್ಕೂ ಏನು ಸಂಬಂಧ?"

"ಮನೆಗೆ ಸೊಸೆ ಬರ್ತಾಳಲ್ಲ" ಎಂದು ಅವನು ತಮಿಳಿನಲ್ಲಿ ಹೇಳಿ, ನಗದೆ, ಬೀಗವನ್ನು ಕಾಗದದಲ್ಲಿ ಸುತ್ತಿಕೊಟ್ಟ.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಅಪರಾಧದ ಲೆಕ್ಕ ನನ್ನ ವಿಷಯ. ಹಾಗೆಂದ ಕೂಡಲೇ ಎದುರಿನವರು ಸ್ವಲ್ಪ ಹಿಂದೆ ಸರಿದು ಕೂರುತ್ತಾರೆ. ನನ್ನ ಕೆಲಸ ಅಂಥದ್ದೇನೂ ಅಲ್ಲ. ಪೊಲೀಸ್ ಠಾಣೆಯಲ್ಲಿರುವುದು ದೂರುಗಳ ಲೆಕ್ಕ, ಕಳ್ಳತನಗಳ ಲೆಕ್ಕವಲ್ಲ. ಇವೆರಡರ ನಡುವೆ ಎಷ್ಟು ಅಂತರವಿದೆ, ಆ ಅಂತರ ಒಂದು ಊರಿನಲ್ಲಿ ದೊಡ್ಡದಾಗಿ ಇನ್ನೊಂದರಲ್ಲಿ ಚಿಕ್ಕದಾಗಿ ಇರುವುದೇಕೆ ಎಂದು ತಿಳಿಯಬೇಕಾದರೆ ಮನೆಮನೆಗೆ ಹೋಗಿ ಕೇಳಬೇಕು. ಏನು ಕಳೆಯಿತು, ಯಾರಿಗೆ ಹೇಳಿದಿರಿ, ಯಾಕೆ ಹೇಳಲಿಲ್ಲ.

ಕಂಬಂ ಕಣಿವೆಯ ಕೆಲವು ಊರುಗಳಿಂದ ಠಾಣೆಗೆ ಕಳ್ಳತನದ ದೂರೇ ಬರುವುದಿಲ್ಲ ಎಂಬುದನ್ನು ಪಾಂಡಿಯನ್ ಗಮನಿಸಿದ್ದರು. ಒಂದೋ ಅಲ್ಲಿ ಕಳ್ಳರಿಲ್ಲ, ಇಲ್ಲವೇ ದೂರು ಹೇಳುವವರಿಲ್ಲ. ಅವರ ವಿದ್ಯಾರ್ಥಿಗಳು ಕೇಳಲು ಹೋದಾಗ ಎಲ್ಲರಿಗೂ ಮಜ್ಜಿಗೆ ಕೊಟ್ಟು, ಏನೂ ಹೇಳದೆ ಕಳಿಸಿದ್ದರಂತೆ. ಆ ಊರುಗಳಲ್ಲೊಂದರಲ್ಲಿ ಇರುವವರು ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ನೆಲೆಸಿದ ಬೇಸಾಯಗಾರರು. ಮನೆಯಲ್ಲಿ ಈಗಲೂ ಕನ್ನಡ. "ನೀವು ನಿಮ್ಮ ಭಾಷೆಯಲ್ಲಿ ಕೇಳಿ ನೋಡಿ ಮೇಡಂ" ಎಂದು ಅವರು ನನ್ನನ್ನು ಕರೆಸಿದ್ದರು.

ಆ ಮಧ್ಯಾಹ್ನ ಅವರ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ ಹೇಳಿದೆ. ಜನ ಬೇಕೆಂದು ಸುಳ್ಳು ಹೇಳುವುದಕ್ಕಿಂತ ಹೆಚ್ಚಾಗಿ ನೆನಪೇ ಅವರಿಗೆ ಸುಳ್ಳು ಹೇಳುತ್ತದೆ. ಎಂದೋ ಆದದ್ದು ನಿನ್ನೆ ಮೊನ್ನೆ ಆದಂತೆ ಕಣ್ಣಿಗೆ ಕಟ್ಟುತ್ತದೆ. ಇನ್ನೆಲ್ಲೋ ಆದದ್ದು ಇಲ್ಲೇ ಆದಂತೆ ಕಾಣುತ್ತದೆ. ಹೇಳುವವರು ಆಣೆ ಇಟ್ಟು ಹೇಳುತ್ತಾರೆ, ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದ್ದರಿಂದ ಪಕ್ಕದಲ್ಲಿ ಇನ್ನೊಂದು ಗುರುತು ಕೇಳಿ. ಅದು ಹಬ್ಬಕ್ಕೆ ಮುಂಚೆಯೋ ಆಮೇಲೆಯೋ, ಆ ಮನೆಯಲ್ಲೋ ಈ ಮನೆಯಲ್ಲೋ. ವಿದ್ಯಾರ್ಥಿಗಳು ಬರೆದುಕೊಂಡರು.

ತೇನಿ

ತೇನಿಯಲ್ಲಿ ಒಂದು ರಾತ್ರಿ ತಂಗಿದೆ. ಲಾಡ್ಜಿನ ಮ್ಯಾನೇಜರು ವಿಭೂತಿ ಇಟ್ಟ ಗಂಭೀರ ಮನುಷ್ಯ. ಒಬ್ಬಳೇ ಹೆಂಗಸು, ಕರ್ನಾಟಕದ ಆಧಾರ್, ಊರು ನೋಡಲು ಬಂದವಳಲ್ಲ, ಗುಡಿಗೆ ಬಂದವಳಲ್ಲ. ಏಲಕ್ಕಿ ವ್ಯಾಪಾರವೇ ಎಂದು ಕೇಳಿದ. ಅಲ್ಲ ಎಂದೆ. ಆದಾಯ ತೆರಿಗೆಯವರೇ ಎಂದು ಧ್ವನಿ ತಗ್ಗಿಸಿ ಕೇಳಿದ. ಅಲ್ಲ ಎಂದೆ. ಕಳ್ಳತನದ ಬಗ್ಗೆ ತಿಳಿಯಲು ಬಂದಿದ್ದೇನೆ ಎಂದಾಗ ನನ್ನ ಫೋನ್ ನಂಬರನ್ನು ಎರಡು ಸಲ ಬರೆಸಿಕೊಂಡ. ಅವನು ನನ್ನನ್ನು ನಂಬಲಿಲ್ಲ. ನಾನೂ ಅವನನ್ನು ನಂಬಲಿಲ್ಲ, ಕೋಣೆಯ ಬಾಗಿಲಿಗೆ ಒಳಗಿನಿಂದ ಕುರ್ಚಿ ಆನಿಸಿ ಮಲಗಿದೆ.

ಬೆಳಿಗ್ಗೆ ಪಡುವಣ ಬೆಟ್ಟದ ಸಂದಿನಿಂದ ಗಾಳಿ ಎಷ್ಟು ಜೋರಾಗಿ ಬೀಸುತ್ತಿತ್ತೆಂದರೆ ಕಿಟಕಿಯ ಗಾಜು ನಡುಗುತ್ತಿತ್ತು. ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಮುಖ ತೊಳೆದು, ಚೀಲ ಎತ್ತಿಕೊಂಡು ಓಡಿದೆ. ಬಸ್ಸಿನಲ್ಲಿ ಹಾಡು ಕಿವಿ ಹರಿಯುವಂತೆ ಹಾಕಿದ್ದರು. ನಮ್ಮಲ್ಲಾದರೆ ಯಾರಾದರೂ "ಸ್ವಲ್ಪ ಕಮ್ಮಿ ಮಾಡ್ರಪ್ಪ" ಎನ್ನುತ್ತಿದ್ದರು. ಇಲ್ಲಿ ಹಾಡಿನ ಮೇಲೇ ಧ್ವನಿ ಏರಿಸಿ ಎಲ್ಲರೂ ಸಂಸಾರದ ಮಾತಾಡುತ್ತಿದ್ದರು. ಪಕ್ಕದ ಹೆಂಗಸು ಒಂದು ಗೊಂಚಲು ದ್ರಾಕ್ಷಿಯನ್ನು ಕೇಳದೆಯೇ ನನ್ನ ಮಡಿಲಲ್ಲಿಟ್ಟಳು. ಬಸ್ಸಿನಲ್ಲಿ ಅಪರಿಚಿತರು ಕೊಟ್ಟದ್ದನ್ನು ತಿನ್ನಬಾರದೆಂದು ಓದಿದ್ದೇನೆ. ಅವಳು ಇಳಿಯುವವರೆಗೆ ಕಾದು, ಅವಳು ಹಿಂತಿರುಗಿ ನೋಡಲಿಲ್ಲವೆಂದು ಖಚಿತವಾದ ಮೇಲೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿತ್ತು, ಬೀಜ ದೊಡ್ಡದು.

ಚಿನ್ನಮನೂರಿನ ಆಚೆ

ಊರಿನ ಹೆಸರು ಬರೆಯುವುದಿಲ್ಲ. ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಇಲ್ಲಿ ಬರುವ ಜನರ ಹೆಸರೂ ನಾನೇ ಇಟ್ಟದ್ದು. ಚಿನ್ನಮನೂರಿನಲ್ಲಿ ಬಸ್ಸು ಬದಲಿಸಿ, ದ್ರಾಕ್ಷಿ ಚಪ್ಪರ, ಬಾಳೆ, ಮತ್ತೆ ದ್ರಾಕ್ಷಿ ಚಪ್ಪರ ದಾಟಿ ಹೋಗಬೇಕು ಎಂದಷ್ಟೇ ಹೇಳಬಲ್ಲೆ.

ನನಗೆ ಇಳಿದುಕೊಳ್ಳಲು ಏರ್ಪಾಡಾಗಿದ್ದದ್ದು ನಂಜಮ್ಮಾಳ್ ಎಂಬ ಹಿರಿಯಾಕೆಯ ಮನೆಯಲ್ಲಿ. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದವರು, ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಮೊದಲು ಕೇಳಿದ್ದು, "ಕೂಳುಂಡ್ಯಾ ತಾಯಿ?"

ನಮ್ಮ ಕಡೆ ಕೂಳು ಎನ್ನುವುದು ಸಿಟ್ಟು ಬಂದಾಗ. ಅವರ ಬಾಯಲ್ಲಿ ಅದು ಬರಿಯ ಅನ್ನ, ಬಿಸಿ ಅನ್ನ. ನಾನು ಚೀಲ ಕೆಳಗಿಡುವುದನ್ನೂ ಮರೆತು ನಿಂತೆ. ಅಷ್ಟು ದೂರ ಹೋಗಿ, ಅಜ್ಜಿಯ ಕಾಲದ ಮಾತು ಕೇಳಿದರೆ ಯಾರಿಗಾದರೂ ಹಾಗಾಗುತ್ತದೆ. ಆದರೆ ಎರಡನೆಯ ಪ್ರಶ್ನೆಗೆ ಸರಿಹೋಯಿತು.

"ನೀ ಪೋಲೀಸ್ನೋಳಾ?"

"ಅಲ್ಲಮ್ಮ. ಟೀಚರ್."

"ಟೀಚರ್ಗೆ ನಮ್ಮೂರ್ ಕಳುವು ಯಾತಕ್ಕೆ?"

"ಲೆಕ್ಕಕ್ಕೆ."

"ಶರಿ. ಲೆಕ್ಕ ಯಾರ್ಗೆ ಏಳ್ತೀಯ?"

ಅದಕ್ಕೆ ನಾನು ಕೊಟ್ಟ ಉತ್ತರ ಉದ್ದವಾಗಿತ್ತು. ಅವರು ಪೂರ್ತಿ ಕೇಳಿ, "ಅಂದ್ರೆ ಯಾರ್ಗೂ ಏಳಲ್ಲ" ಎಂದು ತೀರ್ಮಾನಿಸಿ ಒಳಗೆ ಕರೆದರು.

ಮನೆಯಲ್ಲಿದ್ದವರು ಇಬ್ಬರೇ, ನಂಜಮ್ಮಾಳ್ ಮತ್ತು ಸೊಸೆ ಸೆಲ್ವಿ. ಮಗ ಮುತ್ತು ಬೋಡಿನಾಯಕನೂರಿನಲ್ಲಿ ಏಲಕ್ಕಿ ಮಂಡಿಯೊಂದರಲ್ಲಿ ಕೆಲಸ, ಭಾನುವಾರ ಮಾತ್ರ ಬರುತ್ತಾನೆ. ಸೆಲ್ವಿ ಪೆರಿಯಕುಳಂ ಕಡೆಯ ತಮಿಳು ಮನೆಯವಳು, ಅವನೇ ಮೆಚ್ಚಿ ಮದುವೆಯಾಗಿ ಕರೆತಂದವಳು. ಕನ್ನಡ ಎಲ್ಲಿ ಕಲಿತೆ ಎಂದು ಕೇಳಿದೆ. "ಬೈಸ್ಕೊಂಡು ಕಲಿತೆ ಅಕ್ಕಾ. ಬೇಗ ಬಂತು" ಎಂದಳು.

ಅಡುಗೆಮನೆಯ ಪಕ್ಕದಲ್ಲಿ ಉಗ್ರಾಣ. ಬಾಗಿಲಿಗೆ ದಿಂಡುಗಲ್ಲಿನ ಬೀಗ. ಬೀಗದ ಕೈ ನಂಜಮ್ಮಾಳ್ ಸೊಂಟದಲ್ಲಿ. ಅಕ್ಕಿ ಬೇಕಾದಾಗ ಸೆಲ್ವಿ ಪಾತ್ರೆ ಹಿಡಿದು ಬಾಗಿಲ ಬಳಿ ನಿಲ್ಲುತ್ತಾಳೆ. ಅತ್ತೆ ಬಂದು ತೆಗೆದು, ಅಳೆದು ಹಾಕಿ, ಮತ್ತೆ ಬೀಗ ಹಾಕಿ, ಒಮ್ಮೆ ಎಳೆದು ನೋಡಿ ಹೋಗುತ್ತಾರೆ.

ಅದೇ ಬೀದಿ, ಮನೆಮನೆ

ಮುಜುಗರದ ಪ್ರಶ್ನೆ ಕೇಳಲು ನಮ್ಮಲ್ಲಿ ಒಂದು ಹಳೆಯ ಉಪಾಯವಿದೆ. ಕೈಗೊಂದು ನಾಣ್ಯ ಕೊಡುತ್ತೇವೆ. ಅವರು ನಮಗೆ ಕಾಣದಂತೆ ಚಿಮ್ಮಬೇಕು. ಸಿಂಹ ಬಿದ್ದರೆ, ನಿಜ ಏನೇ ಇರಲಿ, "ಹೌದು" ಎನ್ನಬೇಕು. ಅಂಕಿ ಬಿದ್ದರೆ ನಿಜವನ್ನೇ ಹೇಳಬೇಕು. ಒಬ್ಬರು "ಹೌದು" ಎಂದರೆ ಅದು ಅವರ ಮಾತೋ ನಾಣ್ಯದ ಮಾತೋ ನನಗೆ ತಿಳಿಯದು. ಆದರೆ ಸುಮಾರು ಅರ್ಧದಷ್ಟು ಜನರ "ಹೌದು" ನಾಣ್ಯದ್ದೇ ಎಂದು ಗೊತ್ತಿರುವುದರಿಂದ, ಅದನ್ನು ಕಳೆದು, ಊರಿನ ಒಟ್ಟು ಸತ್ಯವನ್ನು ಅಂದಾಜು ಮಾಡಬಹುದು. ಯಾರ ಗುಟ್ಟೂ ಒಡೆಯದೆ ಎಲ್ಲರ ಗುಟ್ಟಿನ ಲೆಕ್ಕ ಸಿಗುತ್ತದೆ.

ನನ್ನ ಪ್ರಶ್ನೆ ಇದು: ಮನೆಯ ವಸ್ತು ಕಳೆದಾಗ ಮನೆಯವರ ಮೇಲೆಯೇ ನಿಮಗೆ ಅನುಮಾನ ಬಂದದ್ದುಂಟೆ?

ಮೊದಲ ಮನೆ ನಾಟಾಮೈ ರಾಮಸಾಮಿಯವರದು. ನಾಟಾಮೈ ಎಂದರೆ ಊರ ಯಜಮಾನ. ಬಿಳಿ ಮೀಸೆಯ, ಬಿಳಿ ಪಂಚೆಯ ಮನುಷ್ಯ. ನಾಣ್ಯ ಚಿಮ್ಮಿ, ಹಿಡಿದು, ನೋಡಿ, ಮುಖ ಸಿಂಡರಿಸಿ, "ಇಲ್ಲ" ಎಂದರು.

"ಸಿಂಹ ಬಿದ್ದಿದ್ದರೆ ಹೌದು ಅನ್ನಬೇಕು ಯಜಮಾನರೆ."

"ಬಿದ್ರೆ ಬೀಳ್ಲಿ ಅಮ್ಮಾ. ನಮ್ಮನೇಲಿ ಅಂಥದ್ದು ನಡೀಲಿಲ್ಲ. ದುಡ್ಡು ಏಳ್ತು ಅಂತ ನಾ ಪೊಯ್ ಏಳ್ಳಾ?"

ಪೊಯ್ ಎಂದರೆ ಸುಳ್ಳು. ಬೀದಿಯುದ್ದಕ್ಕೂ ಇದೇ ಆಯಿತು. ಎಲ್ಲರೂ ಚಿಮ್ಮಿದರು, ಎಲ್ಲರೂ "ಇಲ್ಲ" ಎಂದರು. ಒಬ್ಬಾಕೆ, ಇದು ಜೂಜು, ಶುಕ್ರವಾರ ಮನೆಯಲ್ಲಿ ಆಡುವುದಿಲ್ಲ ಎಂದಳು. ನನ್ನ ಲೆಕ್ಕದ ಪ್ರಕಾರ ಆ ಬೀದಿಯ ಎಲ್ಲ ನಾಣ್ಯಗಳೂ ಅಂಕಿ ಮೇಲಾಗಿಯೇ ಬಿದ್ದಿದ್ದವು. ಅದು ಆಗುವ ಮಾತಲ್ಲ. ಸುಳ್ಳು ಹೇಳಬಾರದೆಂಬ ಹಟದಿಂದಲೇ ಇಡೀ ಬೀದಿ ನನಗೆ ಸುಳ್ಳು ಲೆಕ್ಕ ಕೊಟ್ಟಿತ್ತು.

ಸಂಜೆ ಮನೆಗೆ ಬಂದು ಸೆಲ್ವಿಗೂ ನಾಣ್ಯ ಕೊಟ್ಟೆ. ಅವಳು ಚಿಮ್ಮಿದಳು. ಮುಚ್ಚಬೇಕಾದ ಅಂಗೈಯನ್ನು ನನ್ನ ಮುಂದೆ ಬಿಚ್ಚಿ ಹಿಡಿದಳು.

"ತೋರಿಸಬಾರದು" ಎಂದೆ.

"ತೋರಿಸ್ತೀನಿ. ಅಂಕಿ ಬಿದ್ದೈತೆ, ಪಾರುಂಗ, ನೋಡಿ. ಹೌದು ಅಂತ ಬರ್ಕೊಳ್ಳಿ ಅಕ್ಕಾ. ಈ ಮನೇಲಿ ಮನೆಯವಳ ಮೇಲೇ ಸಂದೇಗ. ನನ್ ಮೇಲೆ."

ಹಿಂದಿನ ವರ್ಷ ನಂಜಮ್ಮಾಳ್ ಮಗಳ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಸೋದರಮಾವನಾಗಿ ಮುತ್ತು ಬಂಗಾರದ ಒಂದು ಜೊತೆ ತೋಡು, ಎಂದರೆ ಓಲೆ, ಮಾಡಿಸಿದ್ದ. ಶಾಸ್ತ್ರದ ಹಿಂದಿನ ದಿನ ಅವು ಕಾಣೆಯಾದವು. ಮನೆ ತುಂಬ ನೆಂಟರಿದ್ದರು. ಆದರೆ ಗಂಡ ಅಷ್ಟು ಖರ್ಚು ಮಾಡಿದ್ದು ಸೆಲ್ವಿಗೆ ಸಹಿಸಲಾಗಲಿಲ್ಲ, ಅವಳೇ ತೆಗೆದು ತಾಯಿಮನೆಗೆ ಸಾಗಿಸಿದಳು ಎಂದು ನಂಜಮ್ಮಾಳ್ ಹೇಳಿದರು. ಪೊಲೀಸರಿಗೆ ಹೇಳಲಿಲ್ಲ. ಊರ ಚಾವಡಿಗೂ ಹೇಳಲಿಲ್ಲ, ಮನೆಯ ಮಾನ ಬೀದಿಗೇಕೆ ಎಂದು. ಉಗ್ರಾಣಕ್ಕೆ ಬೀಗ ಬಂತು.

"ಇವರೇನಂತಾರೆ, ನಿನ್ನ ಯಜಮಾನರು?"

"ಬೋಡೀಲಿ ಇರ್ತಾರೆ" ಎಂದಳು. ಅದೇ ಉತ್ತರ.

ಬಚ್ಚಲ ಕಲ್ಲು

ಇನ್ನು ಮುಂದಿನದನ್ನು ನಿಧಾನವಾಗಿ, ಕಂಡಷ್ಟೇ ಬರೆಯಬೇಕು.

ಮರುದಿನ ಬೆಳಿಗ್ಗೆ ಮುಖ ಒರೆಸಿಕೊಳ್ಳುವಾಗ ಬೆರಳು ನೋಡಿಕೊಂಡೆ. ಉಂಗುರವಿಲ್ಲ. ಅದು ನನ್ನ ಅಮ್ಮನದು. ಸೋಪು ಮುಟ್ಟುವಾಗ ತೆಗೆದಿಡುವುದು ಅಮ್ಮನ ಅಭ್ಯಾಸ, ನನ್ನದೂ. ಹಿಂದಿನ ಸಂಜೆ ಬಚ್ಚಲ ಕಲ್ಲಿನ ಅಂಚಿನಲ್ಲಿ, ಸೀಗೆಪುಡಿಯ ಡಬ್ಬಿಯ ಪಕ್ಕದಲ್ಲಿ ಇಟ್ಟದ್ದು ನನಗೆ ಸ್ಪಷ್ಟವಾಗಿ ನೆನಪಾಯಿತು. ಕಲ್ಲು ಒದ್ದೆಯಾಗಿತ್ತು. ಉಂಗುರದ ಒಳಗೆ ನೀರು ಒಂದು ಹನಿಯಾಗಿ ನಿಂತಿತ್ತು. ಅಷ್ಟು ಸ್ಪಷ್ಟ.

"ಉಂಗುರ ಕಾಣ್ತಿಲ್ಲ" ಎಂದೆ. ಅಷ್ಟೇ ಹೇಳಿದೆ. ನಂಜಮ್ಮಾಳ್ ನನ್ನನ್ನು ಏನೂ ಕೇಳಲಿಲ್ಲ. ತಲೆ ತಿರುಗಿಸಿ ಅಡುಗೆಮನೆಯ ಕಡೆ ನೋಡಿದರು. ಒಲೆಯ ಮುಂದೆ ಕೂತಿದ್ದ ಸೆಲ್ವಿ ಊದುಗೊಳವೆಯನ್ನು ಮೆಲ್ಲನೆ ಕೆಳಗಿಟ್ಟಳು.

ಒಂದೇ ಮನೆ, ಎರಡು ಕಳವು, ಎರಡು ಸಲವೂ ಅದೇ ಹೆಂಗಸು. ನನ್ನ ಮನಸ್ಸು ತಕ್ಷಣ ಈ ಗೆರೆ ಎಳೆಯಿತು. ಈ ಗೆರೆ ತಪ್ಪೆಂದು ನಾನೇ ಪ್ರತಿವರ್ಷ ಕರಿಹಲಗೆಯ ಮೇಲೆ ಬರೆದು ಕಲಿಸುತ್ತೇನೆ. ಕಳವಾದ ದಿನ ಅವಳು ಮನೆಯಲ್ಲಿದ್ದಳು, ನಿಜ. ಅವಳು ಎಲ್ಲ ದಿನವೂ ಮನೆಯಲ್ಲೇ ಇರುತ್ತಾಳೆ. ಏನೂ ಕಳೆಯದ ದಿನಗಳಲ್ಲೂ ಇದ್ದಳು. ಆ ದಿನಗಳನ್ನು ಯಾರೂ ಎಣಿಸುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಕೋಣೆಗೆ ಹೋಗಿ, ದಿಂಡುಗಲ್ಲಿನಲ್ಲಿ ಕೊಂಡ ಪುಟ್ಟ ಬೀಗವನ್ನು ಕಾಗದ ಬಿಚ್ಚಿ ಸೂಟ್‌ಕೇಸಿಗೆ ಹಾಕಿದೆ. ಅದು ಟಕ್ಕೆಂದ ಸದ್ದು ಆ ಸಣ್ಣ ಮನೆಯಲ್ಲಿ ಎಲ್ಲಿಗೂ ಕೇಳಿಸುವಂತಿತ್ತು.

ಅಷ್ಟರಲ್ಲಿ ಫೋನ್ ಹೊಡೆಯಿತು. ಗೊತ್ತಿಲ್ಲದ ನಂಬರು. ಇತ್ತೀಚೆಗೆ ಬ್ಯಾಂಕಿನವರೆಂದೂ ಪೊಲೀಸರೆಂದೂ ಹೇಳಿಕೊಂಡು ದುಡ್ಡು ಹೊಡೆಯುವವರ ಕಾಟ. ನಾನು ಅಂಥ ಕರೆ ಎತ್ತುವುದಿಲ್ಲ. ಮಧ್ಯಾಹ್ನ ಮತ್ತೆ ಬಂತು. ಆಗಲೂ ಎತ್ತಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾಟಾಮೈ ಬಂದರು. ನಂಜಮ್ಮಾಳ್ ಹೇಳಿಕಳಿಸಿರಲಿಲ್ಲ, ಬೀದಿಗೇ ಗೊತ್ತಾಗಿತ್ತು. ಬೇಡ, ಉಂಗುರ ಹೋದರೆ ಹೋಯಿತು ಎಂದೆ.

"ನಿಮ್ಗೆ ಓದ್ರೆ ಓಯ್ತು ಅಮ್ಮಾ. ನಮ್ಗೆ ಓಗಲ್ಲ" ಎಂದರು ನಾಟಾಮೈ. "ಬಂದೋರ ಒಡವೆ ಊರಲ್ಲಿ ಉಳೀಬಾರದು. ನಾಳೆ ಸಾಣಿ ಉಂಡೆ ಆಕ್ಸೋದು."

ಸಾಣಿ ಎಂದರೆ ಸಗಣಿ. ಕ್ರಮ ಹೀಗೆ. ಬೀದಿಯ ಪ್ರತಿಯೊಬ್ಬ ದೊಡ್ಡವರೂ ತಮ್ಮ ಕೈಯಲ್ಲೇ ಒಂದು ಸಗಣಿ ಉಂಡೆ ಮಾಡಿ, ಸೆರಗಿನಲ್ಲೋ ಟವೆಲಿನಲ್ಲೋ ಮುಚ್ಚಿಕೊಂಡು ಚಾವಡಿಗೆ ತರಬೇಕು. ಒಳಕೋಣೆಯಲ್ಲಿ ಒಂದು ದೊಡ್ಡ ಗಡಿಗೆ ಇರುತ್ತದೆ. ಒಬ್ಬೊಬ್ಬರೇ ಒಳಗೆ ಹೋಗಿ ಉಂಡೆ ಹಾಕಿ ಬರಬೇಕು. ಯಾವುದಕ್ಕೂ ಗುರುತು ಹಾಕುವಂತಿಲ್ಲ. ಎಲ್ಲರೂ ಹಾಕಿದ ಮೇಲೆ ಗಡಿಗೆ ಹೊರಗೆ ತಂದು ನೀರು ತುಂಬಿ ಕರಗಿಸುತ್ತಾರೆ. ಕದ್ದವರು ಕದ್ದದ್ದನ್ನು ಉಂಡೆಯೊಳಗೆ ಇಟ್ಟಿದ್ದರೆ ತಳದಲ್ಲಿ ಸಿಗುತ್ತದೆ. ಯಾರು ಇಟ್ಟರೆಂದು ಮುಂದೆ ಯಾರೂ ಕೇಳುವಂತಿಲ್ಲ.

ನಮ್ಮ ಕಡೆ ಒಡವೆ ಕಳೆದರೆ ಅಂಜನ ಹಾಕಿಸುತ್ತಾರೆ. ವೀಳ್ಯದೆಲೆಯ ಕಪ್ಪಿನಲ್ಲಿ ಯಾರದೋ ಮುಖ ಕಾಣಿಸುತ್ತದೆ, ಸಾಮಾನ್ಯವಾಗಿ ಬಡವರದು. ಇಲ್ಲಿ ಮುಖವೇ ಇಲ್ಲ, ವಸ್ತು ಮಾತ್ರ. ಮುಚ್ಚಿದ ಕೈ, ಗುಟ್ಟು ಒಡೆಯದ ಲೆಕ್ಕ. ನನ್ನ ನಾಣ್ಯದ ಆಟವನ್ನೇ ಈ ಊರು ಸಗಣಿಯಲ್ಲಿ ಆಡುತ್ತಿತ್ತು, ಮತ್ತು ಇದರಲ್ಲಿ ಯಾರಿಗೂ ಸುಳ್ಳು ಹೇಳುವ ಕಷ್ಟವಿರಲಿಲ್ಲ. ಠಾಣೆಯಲ್ಲಿ ಈ ಊರಿನ ಪುಟ ಯಾಕೆ ಖಾಲಿಯಿತ್ತೆಂದು ತಿಳಿಯಿತು. ಒಂದು ಕ್ಷಣ ಖುಷಿಯೂ ಆಯಿತು. ನಾನು ಯಾತಕ್ಕೆ ಬಂದಿದ್ದೆನೋ ಅದು ಸಿಕ್ಕಿತ್ತು.

ಸೆಲ್ವಿ ಮಾತ್ರ ಕಂಬಕ್ಕೆ ಒರಗಿ ನಿಂತು, "ನಾ ಆಕಲ್ಲ" ಎಂದಳು.

"ಆಕ್ದಿದ್ರೆ ನಾಳೇನೇ ಪೆರಿಯಕುಳಂ ಬಸ್ ಅತ್ತು" ಎಂದರು ನಂಜಮ್ಮಾಳ್, ಅವಳ ಕಡೆ ನೋಡದೆ. "ತಿರುಗಿ ಬರಬೇಡ."

ಚಾವಡಿ

ನಾನೂ ಉಂಡೆ ಮಾಡಿದೆ. ಆ ಬೀದಿಯಲ್ಲಿ ಮಲಗಿದ್ದವರೆಲ್ಲ ಮಾಡಬೇಕೆಂದರೆ ನಾನೂ ಸೇರಿದವಳೇ ಎಂದು ಹಟ ಹಿಡಿದೆ. ನೀರು ಜಾಸ್ತಿಯಾಗಿ ಉಂಡೆ ಕೈಯಲ್ಲಿ ನಿಲ್ಲದೆ ಜಾರುತ್ತಿತ್ತು. ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಟೀಚರಮ್ಮಂದು ಉಂಡೆಯಲ್ಲ, ಗಂಜಿ" ಎಂದಳು. ಎಲ್ಲರೂ ನಕ್ಕರು. ನಕ್ಕು ಮುಗಿದ ಕೂಡಲೇ ಮತ್ತೆ ಪಕ್ಕದವರ ಸೆರಗಿನ ಉಬ್ಬನ್ನು ಕದ್ದು ನೋಡತೊಡಗಿದರು. ಯಾರ ಉಂಡೆ ದೊಡ್ಡದು, ಯಾರ ಕೈ ಭಾರ. ನಾನೂ ನೋಡುತ್ತಿದ್ದೆ.

ಸೆಲ್ವಿ ಬಂದಳು, ಆದರೆ ಬರಿಗೈಯಲ್ಲಿ. ಚಾವಡಿಯ ಮೆಟ್ಟಿಲ ಮೇಲೆ, ಎಲ್ಲರಿಗೂ ಕಾಣುವಲ್ಲಿ ಕೂತು, ಎರಡೂ ಅಂಗೈಗಳನ್ನು ಮೇಲಾಗಿ ಮಂಡಿಯ ಮೇಲೆ ಇಟ್ಟುಕೊಂಡಳು.

ನಾಟಾಮೈ ಬಾಗಿ ಹೇಳಿದರು, "ಒಂದ್ ಉಂಡೆ ತಾನೇ ತಾಯಿ. ಆಕ್ಬಿಟ್ಟು ಓಗು. ಯಾರೂ ಕೇಳಲ್ಲ."

"ಆಕಲ್ಲ ಮಾಮಾ. ಗುರುತು ಇಡ್ತೀನಿ ಅಂದ್ರೆ ಬಿಡ್ತೀರಾ?"

"ಗುರುತು ಕೂಡ್ದು. ಅದು ಮುರೈ ಅಲ್ಲ, ಕ್ರಮ ಅಲ್ಲ."

"ಹಂಗಾದ್ರೆ ಬೇಡ."

ಸಾಲಿನಲ್ಲಿ ಗುಸುಗುಸು ಎದ್ದಿತು. ಹಾಕದವಳೇ ಕದ್ದವಳು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಹಾಗೆಯೇ ಅಂದುಕೊಂಡೆ. ಸಮೀಕ್ಷೆಯಲ್ಲಿ ಉತ್ತರ ಕೊಡಲು ಒಪ್ಪದವರಿಗೆ ಮುಚ್ಚಿಡಲು ಏನೋ ಇರುತ್ತದೆ ಎಂಬುದು ನನ್ನ ವೃತ್ತಿಯ ಹಳೆಯ ಅನುಮಾನ.

ಎಲ್ಲರೂ ಹಾಕಿದರು. ನಂಜಮ್ಮಾಳ್ ಕೊನೆಯವರಲ್ಲಿ ಒಬ್ಬರು. ಒಳಗೆ ಹೋಗಿ ಬೇಗ ಬಂದರು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. ಇಬ್ಬರು ಗಡಿಗೆಯನ್ನು ಬಿಸಿಲಿಗೆ ತಂದು ನೀರು ಸುರಿದರು. ನಾಟಾಮೈ ಅಂಗಿಯ ತೋಳು ಮಡಚಿ, ಕೈಯನ್ನು ಮೊಣಕೈವರೆಗೆ ಇಳಿಸಿ ಕಲಸಿದರು. ಬಹಳ ಹೊತ್ತು ಕಲಸಿದರು. ನೊಣಗಳ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಅವರ ಕೈ ನಿಂತಿತು. ಮುಷ್ಟಿ ಮೇಲೆ ಬಂತು. ಬಿಚ್ಚಿದರೆ ಸಗಣಿ ಮೆತ್ತಿದ ಒಂದು ಸಣ್ಣ ಮುದ್ದೆ, ಬಟ್ಟೆಯ ಗಂಟಿನಂಥದ್ದು.

"ಉಂಗುರ!" ಎಂದು ಯಾರೋ ಕೂಗಿದರು. ನಾನೂ ಹಾಗೆಯೇ ಅಂದುಕೊಂಡು ಮುಂದೆ ಹೋದೆ. ನನ್ನ ಬಲಕ್ಕೆ ನಂಜಮ್ಮಾಳ್ ಇದ್ದರು. ನಾಟಾಮೈ ಇನ್ನೂ ಗಂಟು ತೊಳೆದಿರಲಿಲ್ಲ, ಬಿಚ್ಚಿರಲಿಲ್ಲ. ಆಗ ನಂಜಮ್ಮಾಳ್ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಬೆಳಗಿನಿಂದ ಎಲ್ಲರ ಬಾಯಲ್ಲೂ ಇದ್ದ ಉಂಗುರದ ಮಾತನ್ನು ಅವರು ಆಡಲಿಲ್ಲ.

"ತೋಡು ಸಿಕ್ತು" ಎಂದರು.

ನಾಟಾಮೈ ಗಂಟನ್ನು ನೀರಲ್ಲಿ ಅದ್ದಿ, ಹಲ್ಲಿನಿಂದ ದಾರ ಕಚ್ಚಿ ಬಿಚ್ಚಿದರು. ಒಳಗೆ ಮಗುವಿನ ಕಿವಿಗೆ ಹಾಕುವ ಎರಡು ಪುಟ್ಟ ಬಂಗಾರದ ತೋಡುಗಳು. ಕೆಂಪು ಹರಳು. ಚಾವಡಿಗೆ ಯಾರೂ ಹೇಳದಿದ್ದರೂ ಅವು ಯಾವ ತೋಡುಗಳೆಂದು ಇಡೀ ಬೀದಿಗೆ ಗೊತ್ತಿತ್ತು.

ಮೆಟ್ಟಿಲ ಮೇಲಿದ್ದ ಸೆಲ್ವಿ ಎದ್ದಳು. ಹತ್ತಿರ ಬರಲಿಲ್ಲ. ಅಲ್ಲಿಂದಲೇ ಕೇಳಿದಳು.

"ಮಾಮಾ, ಗಡಿಗೇಲಿ ನನ್ ಉಂಡೆ ಐತಾ?"

ನಾಟಾಮೈಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನನಗೂ. ಆಮೇಲೆ ಅವರು ಬೀದಿಯ ಕೊನೆಯವರೆಗೆ ಕೇಳಿಸುವಂತೆ ಹೇಳಿದರು, "ಇಲ್ಲ ತಾಯಿ. ಇದ್ರಲ್ಲಿ ನಿನ್ ಉಂಡೆ ಇಲ್ಲ."

ಅವಳ ಗಂಡ ಬೋಡಿಯಲ್ಲಿದ್ದ. ತಾಯಿಮನೆಯವರು ಯಾರೂ ಊರಲ್ಲಿರಲಿಲ್ಲ. ಆ ಗಡಿಗೆಯಲ್ಲಿ ಉಂಡೆ ಹಾಕಿದ ನಮ್ಮೆಲ್ಲರ ಮೇಲೂ ಈಗ ಅನುಮಾನ ಪಡಬಹುದಿತ್ತು, ನನ್ನ ಮೇಲೆ ಕೂಡ. ಅನುಮಾನ ಪಡಲಾಗದವಳು ಒಬ್ಬಳೇ. ಉತ್ತರ ಕೊಡದವಳು.

ನೀರನ್ನು ಜರಡಿ ಹಿಡಿದರು. ನನ್ನ ಉಂಗುರ ಸಿಗಲಿಲ್ಲ. ಯಾರು ಇಟ್ಟರೆಂದು ಯಾರೂ ಕೇಳಲಿಲ್ಲ. ಜನ ಚದುರಿದರು, ಆದರೆ ಬಂದ ಹಾಗೆ ಗುಂಪಾಗಿ ಅಲ್ಲ. ಒಬ್ಬೊಬ್ಬರಾಗಿ, ಪಕ್ಕದವರಿಂದ ಅಷ್ಟು ದೂರದಲ್ಲಿ.

ಮತ್ತೆ ತೇನಿ

ಅದೇ ದಿನ ಹೊರಟುಬಂದೆ. ತೇನಿಯಲ್ಲಿ ಅದೇ ಲಾಡ್ಜಿಗೆ ಹೋದೆ, ಬೇರೆ ಹುಡುಕುವ ತ್ರಾಣವಿರಲಿಲ್ಲ. ಮ್ಯಾನೇಜರು ನನ್ನನ್ನು ಕಂಡು ಎದ್ದು ನಿಂತ. ಕೋಪದಲ್ಲಿದ್ದ.

"ಎಷ್ಟು ಸಲ ಫೋನ್ ಮಾಡೋದಮ್ಮಾ? ಎತ್ತೋದೇ ಇಲ್ಲ!" ಎಂದು, ಗಲ್ಲಾದ ಮೇಲಿದ್ದ ದೇವರ ಪಟದ ಹಿಂದಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದ. ವಿಭೂತಿ ಪೊಟ್ಟಣದ ಕಾಗದ. ಒಳಗೆ ನನ್ನ ಅಮ್ಮನ ಉಂಗುರ. "ನಿಮ್ಮ ರೂಮಿನ ವಾಷ್‌ಬೇಸಿನ್ ಪಕ್ಕ. ಸೋಪಿನ ಪೆಟ್ಟಿಗೆ ಹತ್ತಿರ."

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಬಚ್ಚಲ ಕಲ್ಲಿನ ಅಂಚು, ಸೀಗೆಪುಡಿಯ ಡಬ್ಬಿ, ಉಂಗುರದೊಳಗಿನ ನೀರಹನಿ, ಎಲ್ಲ ಈಗಲೂ ಹಾಗೆಯೇ ಕಣ್ಣ ಮುಂದಿತ್ತು. ನಿತ್ಯವೂ ತೆಗೆದಿಡುವ ಉಂಗುರ. ಯಾವ ದಿನದ ಹನಿಯನ್ನೋ ತಂದು ಆ ಕಲ್ಲಿನ ಮೇಲಿಟ್ಟಿದ್ದೆ. ದಿಂಡುಗಲ್ಲಿನಲ್ಲಿ ಮಕ್ಕಳು ಬರೆದುಕೊಂಡ ಮಾತಿಗೆ ನಾನೇ ಉದಾಹರಣೆ.

ಹಾಗಾದರೆ ಉಂಗುರವನ್ನು ಯಾರೂ ಕದ್ದಿರಲಿಲ್ಲ. ಗಂಟು ಬಿಚ್ಚುವ ಮುಂಚೆ ಅದರಲ್ಲಿ ತೋಡು ಇದೆಯೆಂದು ಗೊತ್ತಿದ್ದವರು ಒಬ್ಬರೇ. ಎಲ್ಲಿ ಸಿಕ್ಕಿತ್ತೋ, ಎಂದು ಸಿಕ್ಕಿತ್ತೋ ನನಗೆ ಗೊತ್ತಿಲ್ಲ, ಅದನ್ನು ನಾನು ಊಹಿಸಿ ಬರೆಯುವುದಿಲ್ಲ. ಒಂದು ಸಲ ಸೊಸೆಯನ್ನು ಕಳ್ಳಿ ಎಂದ ಬಾಯಿಂದ, ಸಿಕ್ಕಿತು ಎಂಬ ಮಾತು ಮನೆಯಲ್ಲಿ ಬರಲಾರದೆ ಹೋಗಿರಬಹುದು. ಕೇಳಬಾರದೆಂಬ ಕಟ್ಟಳೆ ಇರುವ ಗಡಿಗೆಯೊಂದು ಬಂದಾಗ ಅಲ್ಲಿ ಇಳಿಸಿರಬಹುದು. ಕಳ್ಳಿ ಇದ್ದಳು, ತೀರ್ಪಿತ್ತು, ಒಂದು ವರ್ಷದ ಶಿಕ್ಷೆಯೂ ನಡೆದಿತ್ತು. ಕಳ್ಳತನ ಮಾತ್ರ ಇರಲಿಲ್ಲ. ಇಂಥದ್ದನ್ನು ಯಾವ ಕಾಲಮ್ಮಿನಲ್ಲಿ ಹಾಕುತ್ತಾರೆಂದು ನಾನು ಕಲಿತಿಲ್ಲ.

ಸೆಲ್ವಿಯ ನಂಬರು ನನ್ನಲ್ಲಿತ್ತು. ಫೋನ್ ಮಾಡಿ, ಉಂಗುರ ಸಿಕ್ಕಿದ ಜಾಗ ಹೇಳಿದೆ.

"ಚಾವಡೀಲಿ ಗಂಟು ಬಿಚ್ಚೋ ಮುಂಚೆ ಅತ್ತೆ ಏನಂದ್ರು, ನಿಮ್ಗೆ ಕೇಳಿಸ್ತಾ ಅಕ್ಕಾ?"

"ಕೇಳಿಸಿತು."

"ನನ್ಗೂ" ಎಂದಳು.

"ಈಗ ಏನಂತಾರೆ?"

"ಏನೂ ಇಲ್ಲ. ಮಾತಿಲ್ಲ. ಉಗ್ರಾಣದ ಕೀ ಕಿಟಕಿ ಮೇಲೆ ಇಟ್ಟವ್ರೆ. ನನ್ ಕೈಗೆ ಕೊಡಲಿಲ್ಲ. ಯಾರು ಬೇಕಾದ್ರೂ ತಗೋಬೌದು, ಹಂಗಿಟ್ಟವ್ರೆ."

"ತಗೊಂಡೆಯಾ?"

"ಇನ್ನೂ ಇಲ್ಲ. ನೋಡ್ಕೊಂಡು ಕುಂತಿವ್ನಿ." ಅವಳು ನಕ್ಕಂತೆ ಕೇಳಿಸಿತು. ಆಮೇಲೆ, "ಅಕ್ಕಾ, ಒಂದು ಕೇಳ್ತೀನಿ. ನಿಮ್ಗೂ ನನ್ ಮೇಲೆ ಸಂದೇಗ ಇತ್ತಾ?"

ಕಿಟಕಿಯ ಗಾಜು ಗಾಳಿಗೆ ನಡುಗುತ್ತಿತ್ತು. ಸುಳ್ಳು ಹೇಳುವುದು ಸುಲಭವಿತ್ತು.

"ಇತ್ತು" ಎಂದೆ.

"ಗೊತ್ತು. ಪೆಟ್ಟಿಗೆಗೆ ಬೀಗ ಆಕಿದ್ದು ಕೇಳಿಸ್ತು. ಪರವಾಯಿಲ್ಲೆ. ಇಷ್ಟು ಜನದಲ್ಲಿ ನೀವೊಬ್ರು ದುಡ್ಡು ಚಿಮ್ಮದೇನೇ ನಿಜ ಏಳಿದ್ರಿ."

ನಾಟಾಮೈಗೆ ಈಗಲೇ ಫೋನ್ ಮಾಡಿ ಹೇಳುತ್ತೇನೆ ಎಂದೆ. ನನ್ನ ಉಂಗುರದ ದೆಸೆಯಿಂದ ಇಡೀ ಬೀದಿ ಒಬ್ಬರನ್ನೊಬ್ಬರು ಕಳ್ಳರಂತೆ ನೋಡುತ್ತಿದೆ, ಅದು ನಿಲ್ಲಬೇಕು ಎಂದೆ.

"ಏಳಿ. ಏಳ್ಲೇಬೇಕು" ಎಂದಳು ಸೆಲ್ವಿ. "ಆದ್ರೆ ಅಕ್ಕಾ, ಒಂದು ವರ್ಷ ನಾನೊಬ್ಳೇ ಇದ್ದೆ. ಎರಡು ದಿನ ಎಲ್ರೂ ಇರ್ಲಿ. ಆಮೇಲೆ ಏಳಿ."

ನಾನು ನಾಟಾಮೈಗೆ ಫೋನ್ ಮಾಡಿದ್ದು ತುಮಕೂರಿಗೆ ಬಂದ ಮೇಲೆ, ಮೂರನೆಯ ದಿನ.